ಬದಲಾಗುತ್ತಿರುವ ಹವಾಮಾನ ಮತ್ತು ರೈತ ಉತ್ಪಾದಕ ಕಂಪನಿಯ ನಿರ್ದೇಶಕರ ಹೊಣೆ

ಬೇಸಾಯವೆಂದರೆ ಮಳೆಯೊಡನೆ ಆಡುವ ಜೂಜು ಎಂಬ ಮಾತು ಬಹಳ ಹಳೆಯದು. ಮಳೆ ಕೈಕೊಟ್ಟಾಗ ಸೋಲುತ್ತಿದ್ದವನು ಒಬ್ಬೊಬ್ಬ ರೈತ. ಅವನ ಸೋಲು ಅವನ ಹೊಲದ ಬದುವಿನೊಳಗೇ ಉಳಿಯುತ್ತಿತ್ತು. ಆದರೆ ಇಂದು ಸಾವಿರಾರು ರೈತರು ಷೇರು ಹಣ ಕೂಡಿಸಿ ಉತ್ಪಾದಕ ಕಂಪನಿಗಳನ್ನು ಕಟ್ಟಿಕೊಂಡಿದ್ದಾರೆ. ಬೀಜ, ಗೊಬ್ಬರಗಳನ್ನು ಒಟ್ಟಾಗಿ ಕೊಂಡು, ಬೆಳೆದುದನ್ನು ಒಟ್ಟಾಗಿ ಮಾರುತ್ತಿದ್ದಾರೆ. ಹೀಗಿರುವಾಗ ಒಂದು ಬರ ಅಥವಾ ನೆರೆ ಬಂದರೆ ಪೆಟ್ಟು ಬೀಳುವುದು ಎಲ್ಲರೂ ಕೂಡಿಟ್ಟ ಗಂಟಿಗೆ. ಆ ಗಂಟನ್ನು ಕಾಯುವ ಹೊಣೆ ನಿರ್ದೇಶಕರದು. ಆದುದರಿಂದ ಹವಾಮಾನದ ವಿಚಾರವು ಹೊಲದ ವಿಚಾರವಾಗಿರುವಂತೆಯೇ ಆಡಳಿತ ಮಂಡಳಿಯ ವಿಚಾರವೂ ಆಗಿದೆ.

ಹವಾಮಾನ ಬದಲಾಗಿರುವುದು ಎಷ್ಟು?

ಕೇಂದ್ರ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರವರೆಗಿನ ಅವಧಿಯಲ್ಲಿ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಮಳೆ 1951ರಿಂದ 2015ರ ಅವಧಿಯಲ್ಲಿ ಸುಮಾರು ಶೇಕಡ 6ರಷ್ಟು ಕುಗ್ಗಿದೆ. ಮುಂಗಾರಿನ ನಡುವೆ ಬರುವ ಒಣ ಅವಧಿಗಳು 1951-1980ಕ್ಕೆ ಹೋಲಿಸಿದರೆ 1981-2011ರಲ್ಲಿ ಶೇಕಡ 27ರಷ್ಟು ಹೆಚ್ಚಾಗಿವೆ. ಅದೇ ವೇಳೆಗೆ ಮಧ್ಯ ಭಾರತದಲ್ಲಿ ದಿನವೊಂದಕ್ಕೆ 150 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಅತಿವೃಷ್ಟಿಯ ಸಂದರ್ಭಗಳು 1950ರಿಂದ 2015ರವರೆಗೆ ಸುಮಾರು ಶೇಕಡ 75ರಷ್ಟು ಏರಿವೆ. ಅಂದರೆ ಮಳೆ ಒಟ್ಟಿನಲ್ಲಿ ಕಡಿಮೆಯಾಗುತ್ತಿದೆ, ಬಂದಾಗ ಒಮ್ಮೆಲೇ ಸುರಿಯುತ್ತಿದೆ, ನಡುವೆ ಹೆಚ್ಚು ದಿನ ಬಿಡುವು ಕೊಡುತ್ತಿದೆ.

ಕರ್ನಾಟಕದ ರೈತರಿಗೆ ಇದರ ಅನುಭವ ಹೊಸದಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಯ ಹಳ್ಳಿಗಳು ನೆರೆಗೆ ಸಿಕ್ಕಿದವು. 2022ರ ಮುಂಗಾರಿನಲ್ಲಿ ಬಿತ್ತಿದ ಕಲಬುರಗಿ ಸೀಮೆಯ ತೊಗರಿ ನೆಟೆ ರೋಗಕ್ಕೆ ತುತ್ತಾಯಿತು. ಮರುವರ್ಷ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಒಂದೇ ಬೆಳೆಯನ್ನು ನಂಬಿದ ಸೀಮೆಗೆ ಬೆನ್ನುಬೆನ್ನಿಗೆ ಎರಡು ವರ್ಷ ಹೀಗಾದರೆ ಅಲ್ಲಿನ ರೈತರ ಕಂಪನಿ ಏನಾದೀತೆಂಬುದನ್ನು ಲೆಕ್ಕ ಹಾಕಿ ನೋಡುವುದು ಅಗತ್ಯ.

ಒಂದು ಲೆಕ್ಕ

ಉದಾಹರಣೆಗಾಗಿ 500 ಸದಸ್ಯರಿರುವ ಒಂದು ತೊಗರಿ ಬೆಳೆಗಾರರ ಕಂಪನಿಯನ್ನು ತೆಗೆದುಕೊಳ್ಳಬಹುದು. ಒಬ್ಬೊಬ್ಬರು 1,000 ರೂಪಾಯಿಯಂತೆ ಷೇರು ಹಣ ಕಟ್ಟಿದ್ದರೆ 5 ಲಕ್ಷ ರೂಪಾಯಿ ಆಯಿತು. 2020ರಲ್ಲಿ ಆರಂಭವಾದ 10,000 ರೈತ ಉತ್ಪಾದಕ ಸಂಸ್ಥೆಗಳ ಕೇಂದ್ರ ಯೋಜನೆಯಡಿ ಷೇರಿಗೆ ಸಮಾನವಾದ ಅನುದಾನ 5 ಲಕ್ಷ ದೊರೆತರೆ ಸ್ವಂತ ಬಂಡವಾಳ 10 ಲಕ್ಷ ರೂಪಾಯಿ. ಬ್ಯಾಂಕಿನಿಂದ 20 ಲಕ್ಷ ಸಾಲ ಪಡೆದು, ಅಷ್ಟೂ ಹಣದ ಬೀಜ, ಗೊಬ್ಬರ, ಔಷಧಗಳನ್ನು ಬಿತ್ತನೆಗೆ ಮೊದಲು ಸದಸ್ಯರಿಗೆ ಉದ್ದರಿ ಕೊಟ್ಟಿದೆ ಎಂದಿಟ್ಟುಕೊಳ್ಳಬಹುದು.

ಮಳೆ ಚೆನ್ನಾಗಿ ಬಂದ ವರ್ಷ ಬೀಜ ಗೊಬ್ಬರದ ಮಾರಾಟ ಮತ್ತು ತೊಗರಿ ವ್ಯಾಪಾರ ಎರಡರಿಂದ 5 ಲಕ್ಷ ರೂಪಾಯಿ ಆದಾಯ ಬರುತ್ತದೆ. ಸಂಬಳ, ಗೋದಾಮಿನ ಬಾಡಿಗೆ, ಬಡ್ಡಿ ಸೇರಿ ಖರ್ಚು 4 ಲಕ್ಷ. ಉಳಿಯುವುದು 1 ಲಕ್ಷ. ಬರದ ವರ್ಷ ಮಾರಲು ತೊಗರಿ ಇಲ್ಲದ ಕಾರಣ ಆದಾಯ 2 ಲಕ್ಷಕ್ಕೆ ಇಳಿಯುತ್ತದೆ. ಖರ್ಚು ಮಾತ್ರ 4 ಲಕ್ಷವೇ. ಕೊರತೆ 2 ಲಕ್ಷ. ಜೊತೆಗೆ ಉದ್ದರಿಯಲ್ಲಿ ಶೇಕಡ 40ರಷ್ಟು ವಸೂಲಾಗದಿದ್ದರೆ ಮತ್ತೆ 8 ಲಕ್ಷ ಹೋಯಿತು. ಒಟ್ಟು 10 ಲಕ್ಷ. ಸ್ವಂತ ಬಂಡವಾಳ ಪೂರ್ತಿ ಮುಗಿಯಿತು. ಒಳ್ಳೆಯ ವರ್ಷಗಳಲ್ಲಿ ವರ್ಷಕ್ಕೆ 1 ಲಕ್ಷದಂತೆ ಇದನ್ನು ಮತ್ತೆ ಕೂಡಿಸಲು 10 ವರ್ಷ ಬೇಕು. ಅಷ್ಟು ವರ್ಷ ಸಾಲಾಗಿ ಒಳ್ಳೆಯ ಮಳೆ ಬರುವುದೆಂದು ಯಾರೂ ಹೇಳಲಾರರು.

ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ ಉದ್ದರಿ ವಸೂಲಿ, ವ್ಯಾಪಾರ, ಬ್ಯಾಂಕಿನ ಕಂತು ಮೂರೂ ಒಂದೇ ಕಾರಣದಿಂದ ಒಂದೇ ವರ್ಷ ಕೆಡುತ್ತವೆ. ಪಟ್ಟಣದ ವ್ಯಾಪಾರಿಗೆ ಒಬ್ಬ ಗಿರಾಕಿ ಹೋದರೆ ಇನ್ನೊಬ್ಬ ಇರುತ್ತಾನೆ. ಒಂದೇ ತಾಲ್ಲೂಕಿನ ರೈತರ ಕಂಪನಿಗೆ ಎಲ್ಲ ಗಿರಾಕಿಗಳೂ ಒಂದೇ ಮಳೆಯನ್ನು ನಂಬಿದವರು.

ಕಾನೂನು ಏನು ಹೇಳುತ್ತದೆ?

2013ರ ಕಂಪನಿ ಕಾಯ್ದೆಯ 166ನೆಯ ಕಲಮು ನಿರ್ದೇಶಕರ ಕರ್ತವ್ಯಗಳನ್ನು ತಿಳಿಸುತ್ತದೆ. ನಿರ್ದೇಶಕನು ಸದ್ಭಾವನೆಯಿಂದ ಒಟ್ಟು ಸದಸ್ಯರ ಹಿತಕ್ಕಾಗಿ ಮತ್ತು ಕಂಪನಿ, ಅದರ ನೌಕರರು, ಷೇರುದಾರರು, ಸಮುದಾಯ ಇವರೆಲ್ಲರ ಹಿತಕ್ಕಾಗಿ ಹಾಗೂ ಪರಿಸರದ ರಕ್ಷಣೆಗಾಗಿ ನಡೆದುಕೊಳ್ಳಬೇಕು. ಸಾಕಷ್ಟು ಎಚ್ಚರ, ಜಾಣ್ಮೆ ಮತ್ತು ಶ್ರದ್ಧೆ ವಹಿಸಿ ಸ್ವತಂತ್ರವಾಗಿ ಆಲೋಚಿಸಿ ತೀರ್ಮಾನಿಸಬೇಕು ಎಂಬುದು ಅದರ ಸಾರ. ಮೂರು ವರ್ಷದಲ್ಲಿ ಎರಡು ಬಾರಿ ಬೆಳೆ ಕೈಕೊಟ್ಟ ಊರಿನಲ್ಲಿ ಮಳೆಯ ಯೋಚನೆಯನ್ನೇ ಮಾಡದೆ ಉದ್ದರಿ ಹಂಚುವುದನ್ನು ಎಚ್ಚರದ ನಡತೆ ಎನ್ನಲಾಗದು.

ಉತ್ಪಾದಕ ಕಂಪನಿಗಳಿಗೆಂದೇ ಇರುವ ಅಧ್ಯಾಯದಲ್ಲಿಯೂ ಉಪಯುಕ್ತವಾದ ಹಲವು ಸೌಲಭ್ಯಗಳಿವೆ. ಮಂಡಳಿಯಲ್ಲಿ ಕನಿಷ್ಠ 5, ಗರಿಷ್ಠ 15 ನಿರ್ದೇಶಕರಿರಬೇಕು. ಮೂರು ತಿಂಗಳಿಗೊಮ್ಮೆಯಾದರೂ, ವರ್ಷಕ್ಕೆ ಕನಿಷ್ಠ 4 ಸಲ ಸಭೆ ಸೇರಬೇಕು. ಒಟ್ಟು ನಿರ್ದೇಶಕರ ಐದನೆಯ ಒಂದು ಭಾಗ ಮೀರದಂತೆ ತಜ್ಞರನ್ನು ನಿರ್ದೇಶಕರನ್ನಾಗಿ ಸೇರಿಸಿಕೊಳ್ಳಬಹುದು. ಪ್ರತಿವರ್ಷ ಮೀಸಲು ನಿಧಿ ಇಡಬೇಕು. ವಾರ್ಷಿಕ ಮಹಾಸಭೆಯ ಮುಂದಿಡುವ ಮಂಡಳಿಯ ವರದಿಯಲ್ಲಿ ಇಂಧನ ಉಳಿತಾಯ ಮತ್ತು ಪರಿಸರ ರಕ್ಷಣೆಗೆ ಸಂಬಂಧಿಸಿದ ಮುಖ್ಯ ಸಂಗತಿಗಳನ್ನೂ ತಿಳಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಹೊಸ ಕಾನೂನಿಗಾಗಿ ಕಾಯಬೇಕಾದುದಿಲ್ಲ. ಇರುವುದನ್ನು ಬಳಸಿಕೊಂಡರೆ ಸಾಕು.

ದೊಡ್ಡ ಕಂಪನಿಗಳು ಕಂಡುಕೊಂಡ ಕ್ರಮ

ಜಗತ್ತಿನ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಈ ವಿಚಾರ ಕೆಲವು ವರ್ಷಗಳಿಂದ ಚರ್ಚೆಯಲ್ಲಿದೆ. 2019ರ ಜನವರಿಯಲ್ಲಿ ವಿಶ್ವ ಆರ್ಥಿಕ ವೇದಿಕೆಯು ನಿರ್ದೇಶಕರಿಗಾಗಿ 8 ಸೂತ್ರಗಳನ್ನು ಪ್ರಕಟಿಸಿತು. ಹವಾಮಾನದ ಹೊಣೆ ಮಂಡಳಿಯದೇ ಆಗಿರಬೇಕು. ವಿಷಯ ತಿಳಿದವರು ಮಂಡಳಿಯಲ್ಲಿರಬೇಕು. ಕೆಲಸ ಯಾರ ಪಾಲಿಗೆಂದು ಗೊತ್ತುಪಡಿಸಿರಬೇಕು. ಅಪಾಯ ಮತ್ತು ಅವಕಾಶಗಳನ್ನು ಅಂದಾಜು ಮಾಡಬೇಕು. ಅದನ್ನು ವ್ಯಾಪಾರದ ಯೋಜನೆಯಲ್ಲಿ ಸೇರಿಸಬೇಕು. ಅಧಿಕಾರಿಗಳ ಸಂಭಾವನೆಯನ್ನು ಇದಕ್ಕೆ ಹೊಂದಿಸಬೇಕು. ನಿಜವಾದ ವರದಿ ಕೊಡಬೇಕು. ಇತರರೊಡನೆ ವಿಚಾರ ವಿನಿಮಯ ಮಾಡಬೇಕು. ಭಾರತದಲ್ಲಿ ಷೇರುಪೇಟೆಯ ಮೊದಲ 1,000 ಕಂಪನಿಗಳು ತಮ್ಮ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು 2022-23ನೆಯ ಸಾಲಿನಿಂದ ಕಡ್ಡಾಯವಾಗಿ ಕೊಡಬೇಕೆಂದು ಸೆಬಿ ವಿಧಿಸಿದೆ.

ರೈತರ ಕಂಪನಿಗೆ ಈ ಕಡ್ಡಾಯ ಅನ್ವಯಿಸುವುದಿಲ್ಲ. ಆದರೆ ಸೂತ್ರಗಳ ತಿರುಳು ಸಣ್ಣ ಕಂಪನಿಗೂ ಹೊಂದುತ್ತದೆ. ದಪ್ಪ ವರದಿ, ದುಬಾರಿ ಸಲಹೆಗಾರರು ಬೇಕಿಲ್ಲ. ವರ್ಷದ ನಾಲ್ಕು ಸಭೆಗಳನ್ನು ಮಳೆಯ ಲೆಕ್ಕಕ್ಕೆ ಹೊಂದಿಸಿಕೊಂಡರೆ ಕೆಲಸ ಅರ್ಧ ಆದಂತೆ.

ನಾಲ್ಕು ಸಭೆ, ನಾಲ್ಕು ತೀರ್ಮಾನ

1. ಏಪ್ರಿಲ್ ಸಭೆ: ಹವಾಮಾನ ಇಲಾಖೆಯು ಮುಂಗಾರಿನ ಮೊದಲ ಮುನ್ಸೂಚನೆಯನ್ನು ಏಪ್ರಿಲ್‌ನಲ್ಲಿ ಕೊಟ್ಟು, ಮೇ ಕೊನೆಯ ವೇಳೆಗೆ ಅದನ್ನು ಪರಿಷ್ಕರಿಸುತ್ತದೆ. ಈ ಸಭೆಯಲ್ಲಿ ಹಿಂದಿನ ಹತ್ತು ವರ್ಷಗಳ ಹೋಬಳಿಯ ಮಳೆ, ಬಿತ್ತನೆಯ ದಿನಾಂಕ, ಇಳುವರಿ ಇವುಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳಬೇಕು. ಜಿಲ್ಲೆಗೆ ಸಿದ್ಧಪಡಿಸಲಾಗಿರುವ ಕೃಷಿ ಆಕಸ್ಮಿಕ ಯೋಜನೆಯ ಪ್ರತಿಯನ್ನು ತರಿಸಬೇಕು. ಮಳೆ ಎರಡು ವಾರ ಅಥವಾ ನಾಲ್ಕು ವಾರ ತಡವಾದರೆ ಯಾವ ಬೆಳೆ, ಯಾವ ತಳಿ ಎಂಬುದು ಅದರಲ್ಲಿರುತ್ತದೆ. ಅದರಂತೆ ಬದಲಿ ಬೀಜವನ್ನು ಮೊದಲೇ ಗೊತ್ತುಮಾಡಿಡಬೇಕು. ಉದ್ದರಿಯ ಮಿತಿಯನ್ನೂ ಇದೇ ಸಭೆಯಲ್ಲಿ ನಿರ್ಧರಿಸಬೇಕು.

2. ಜುಲೈ ಸಭೆ: ಬಿತ್ತನೆ ಎಷ್ಟಾಗಿದೆ, ಮೊಳಕೆ ಹೇಗಿದೆ, ಬೆಳೆ ವಿಮೆ ಎಷ್ಟು ಸದಸ್ಯರಿಗೆ ಆಗಿದೆ ಎಂಬುದನ್ನು ನೋಡಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಧಾನ್ಯ ಮತ್ತು ಬೇಳೆಕಾಳು ಬೆಳೆಗಳಿಗೆ ರೈತನು ಕಟ್ಟುವುದು ವಿಮಾ ಮೊತ್ತದ ಶೇಕಡ 2 ಮಾತ್ರ. ಕೊನೆಯ ದಿನಾಂಕ ದಾಟಿದ ಮೇಲೆ ಮಾಡುವಂಥದ್ದೇನೂ ಇಲ್ಲ. ವಿಮೆ ಮಾಡಿಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿದೆಯೇ ಎಂದು ಕಂಪನಿಯ ಸಿಬ್ಬಂದಿ ಪರಿಶೀಲಿಸುವುದು ಒಳ್ಳೆಯದು. ಇಲ್ಲವಾದರೆ ಪರಿಹಾರದ ವೇಳೆ ತೊಡಕಾಗುತ್ತದೆ. ಆಲಿಕಲ್ಲು, ಹೊಲ ಮುಳುಗಡೆಯಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂಬುದನ್ನು ಎಲ್ಲ ಸದಸ್ಯರಿಗೂ ಮುಟ್ಟಿಸಬೇಕು.

3. ಅಕ್ಟೋಬರ್ ಸಭೆ: ಮುಂಗಾರು ಮುಗಿದಿರುತ್ತದೆ. ಬರಬಹುದಾದ ಫಸಲನ್ನು ಅಂದಾಜು ಮಾಡಿ, ಖರೀದಿದಾರರಿಗೆ ಕೊಟ್ಟ ಮಾತನ್ನು ಅದಕ್ಕೆ ತಕ್ಕಂತೆ ಸರಿಪಡಿಸಬೇಕು. ಇಳುವರಿ ಕಡಿಮೆಯೆಂದು ಅಕ್ಟೋಬರ್‌ನಲ್ಲೇ ತಿಳಿಸಿದರೆ ವ್ಯಾಪಾರ ಉಳಿಯುತ್ತದೆ. ಜನವರಿಯಲ್ಲಿ ಖಾಲಿ ಕೈ ತೋರಿಸಿದರೆ ಗಿರಾಕಿಯೂ ಹೋಗುತ್ತಾನೆ, ಹೆಸರೂ ಹೋಗುತ್ತದೆ. ಹಿಂಗಾರಿನ ಕಡಲೆ, ಜೋಳಗಳ ಬೀಜದ ತೀರ್ಮಾನವೂ ಈಗಲೇ ಆಗಬೇಕು.

4. ಜನವರಿ ಸಭೆ: ಉದ್ದರಿ ವಸೂಲಿ, ಗೋದಾಮಿನ ದಾಸ್ತಾನು, ಅದರ ವಿಮೆ, ಮೀಸಲು ನಿಧಿ ಇವುಗಳ ಲೆಕ್ಕ ನೋಡಬೇಕು. ವರ್ಷದ ಹವಾಮಾನದಿಂದ ಕಂಪನಿಗೆ ಆದ ನಷ್ಟವನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಮುಂದಿನ ಏಪ್ರಿಲ್ ಸಭೆಗೆ ಇದೇ ಆಧಾರ.

ಪ್ರತಿ ಸಭೆಯ ನಡಾವಳಿಯಲ್ಲಿ ತೀರ್ಮಾನದ ಜೊತೆಗೆ ಯಾರು ಮಾಡಬೇಕು, ಯಾವ ದಿನಾಂಕದೊಳಗೆ ಎಂಬುದನ್ನು ಬರೆಯಬೇಕು. ಹೆಸರು, ದಿನಾಂಕಗಳಿಲ್ಲದ ಠರಾವು ಪುಸ್ತಕದಲ್ಲೇ ಉಳಿಯುತ್ತದೆ.

ಉದ್ದರಿಯ ನಿಯಮ

ಎಲ್ಲಕ್ಕಿಂತ ಕಷ್ಟದ ತೀರ್ಮಾನ ಇದು. ನಿರ್ದೇಶಕರೂ ಅದೇ ಊರಿನವರು. ಉದ್ದರಿ ಕೇಳಲು ಬರುವವರು ಅಣ್ಣತಮ್ಮಂದಿರು, ಬೀಗರು, ಪಕ್ಕದ ಹೊಲದವರು. ಬಾಗಿಲಿಗೆ ಬಂದು ನಿಂತವರಿಗೆ ಇಲ್ಲವೆನ್ನುವುದು ಸುಲಭವಲ್ಲ. ಆದುದರಿಂದಲೇ ನಿಯಮವನ್ನು ಯಾರೂ ಕೇಳಲು ಬರುವ ಮೊದಲು, ಏಪ್ರಿಲ್‌ನಲ್ಲಿಯೇ ಮಾಡಿ ಗೋಡೆಗೆ ಅಂಟಿಸಬೇಕು. ನಿರ್ದೇಶಕರಿಗೂ ಅದೇ ನಿಯಮ.

ಸದಸ್ಯರಿಗೆ ವ್ಯವಹಾರದ ಸಂಬಂಧ ಕೊಡುವ ಉದ್ದರಿಯ ಅವಧಿ 6 ತಿಂಗಳನ್ನು ಮೀರಕೂಡದೆಂದು ಕಾಯ್ದೆ ಹೇಳುತ್ತದೆ. ಜೂನ್‌ನಲ್ಲಿ ಬೀಜ ಒಯ್ದವನ ತೊಗರಿ ರಾಶಿಯಾಗುವುದು ಡಿಸೆಂಬರ್ ಅಥವಾ ಜನವರಿಯಲ್ಲಿ. ಗಡುವು ಮೊದಲೇ ಬಿಗಿಯಾಗಿದೆ. ಹಾಗಾಗಿ ಉದ್ದರಿಯನ್ನು ಎರಡು ಕಂತು ಮಾಡುವುದು ಲೇಸು. ಬಿತ್ತನೆಗೆ ಬೀಜ ಮತ್ತು ಬುಡಗೊಬ್ಬರ ಮೊದಲ ಕಂತು. ಬೆಳೆ ನಿಂತಿರುವುದನ್ನು ಕಂಡ ಮೇಲೆ ಕಾಯಿಕೊರಕದ ಹತೋಟಿಗೆ ಬೇಕಾದ ಔಷಧ ಎರಡನೆಯ ಕಂತು. ಬೆಳೆಯೇ ಒಣಗಿದ ಹೊಲಕ್ಕೆ ಔಷಧದ ಸಾಲ ಹೊರಿಸುವುದರಿಂದ ಆ ರೈತನಿಗೂ ಉಪಕಾರವಿಲ್ಲ.

ಮೇಲಿನ ಕಂಪನಿಯು ಹೀಗೆ ಮಾಡಿ, ಬರದ ವರ್ಷ ಹೊರಗೆ ನಿಲ್ಲುವ ಉದ್ದರಿಯನ್ನು 20 ಲಕ್ಷದ ಬದಲು 10 ಲಕ್ಷಕ್ಕೆ ತಡೆದಿದ್ದರೆ ವಸೂಲಾಗದ ಹಣ 4 ಲಕ್ಷ, ಕೊರತೆ 2 ಲಕ್ಷ, ಒಟ್ಟು ನಷ್ಟ 6 ಲಕ್ಷ ಆಗುತ್ತಿತ್ತು. ಮಾರಾಟ ಕಡಿಮೆಯಾಗಿ ಆದಾಯ ಸ್ವಲ್ಪ ಇಳಿದರೂ ಬಡ್ಡಿಯ ಖರ್ಚೂ ಇಳಿಯುತ್ತದೆ. ಸ್ವಂತ ಬಂಡವಾಳದಲ್ಲಿ 4 ಲಕ್ಷ ಉಳಿಯುತ್ತಿತ್ತು. ನಷ್ಟ ತಪ್ಪಲಿಲ್ಲ, ನಿಜ. ಆದರೆ ಮುಂದಿನ ಜೂನ್‌ನಲ್ಲಿ ಮಳಿಗೆಯ ಬಾಗಿಲು ತೆರೆಯುತ್ತಿತ್ತು. ರೈತನಿಗೆ ಬರದ ಮರುವರ್ಷವೇ ಕಂಪನಿಯ ಅಗತ್ಯ ಹೆಚ್ಚು. ಆಗ ಅದು ಮುಚ್ಚಿದ್ದರೆ ಅವನು ಮತ್ತೆ ಹಳೆಯ ಸಾಹುಕಾರನ ಅಂಗಡಿಗೇ ಹೋಗಬೇಕು.

ಬೆಳೆ ಮತ್ತು ಗೋದಾಮು

ಒಂದೇ ಬೆಳೆಯ ಮೇಲೆ ನಿಂತ ಕಂಪನಿಗೆ ಒಂದೇ ಕಾಲು. ತೊಗರಿಯ ಸಾಲುಗಳ ನಡುವೆ ಹೆಸರು ಅಥವಾ ಉದ್ದು ಬೆಳೆಸಿದರೆ ಅವು ಬೇಗ ಕೈಗೆ ಬರುತ್ತವೆ. ಕಂಪನಿ ಅವುಗಳನ್ನೂ ಕೊಳ್ಳುವ ಏರ್ಪಾಡು ಮಾಡಿದರೆ ಮಾತ್ರ ಸದಸ್ಯರು ಬೆಳೆಯುತ್ತಾರೆ. ಟಿ.ಎಸ್. 3 ಆರ್, ಜಿ.ಆರ್.ಜಿ. 811 ಮುಂತಾಗಿ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ತಳಿಗಳಲ್ಲಿ ಆಯಾ ಭೂಮಿಗೆ ಯಾವುದು ತಕ್ಕದ್ದೆಂದು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಒಂದಕ್ಕಿಂತ ಹೆಚ್ಚು ತಳಿಯ ಬೀಜ ದಾಸ್ತಾನು ಮಾಡಬೇಕು.

ಗೋದಾಮು ಕಟ್ಟುವಾಗ ಹಳ್ಳದ ಅಂಚಿನ ಅಗ್ಗದ ಜಾಗಕ್ಕೆ ಮರುಳಾಗಬಾರದು. ಊರಿನ ಹಿರಿಯರಿಗೆ ನೆನಪಿರುವ ಅತಿ ದೊಡ್ಡ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ವಿಚಾರಿಸಿ, ಅದಕ್ಕಿಂತ ಎತ್ತರದಲ್ಲಿ ತಳ ಹಾಕಬೇಕು. ದಾಸ್ತಾನಿಗೆ ಬೆಂಕಿಯ ಜೊತೆಗೆ ನೆರೆಯ ವಿಮೆಯೂ ಇದೆಯೇ ಎಂದು ಪಾಲಿಸಿಯನ್ನು ಓದಿಸಿ ತಿಳಿಯಬೇಕು.

ಅನಿಲ ತಗ್ಗಿಸುವಲ್ಲಿ ಕಂಪನಿಯ ಪಾಲು

ಹವಾಮಾನವನ್ನು ಕೆಡಿಸುವ ಹಸಿರುಮನೆ ಅನಿಲಗಳು ಬೇಸಾಯದಿಂದಲೂ ಹೊರಡುತ್ತವೆ. ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ಹಾಕಿದ ಸಾರಜನಕದ ಒಂದು ಭಾಗ ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಇದರ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ 273ರಷ್ಟು. ಕಂಪನಿಯು ಗೊಬ್ಬರ ಮಾರುವುದರ ಜೊತೆಗೆ ಮಣ್ಣು ಪರೀಕ್ಷೆ ಮಾಡಿಸಿ ತಕ್ಕಷ್ಟೇ ಕೊಟ್ಟರೆ ರೈತನ ಹಣವೂ ಉಳಿಯುತ್ತದೆ. ಚೀಲ ಹೆಚ್ಚು ಮಾರಿದಷ್ಟೂ ಕಂಪನಿಗೆ ಲಾಭವೆಂಬುದು ನಿಜ. ಇಲ್ಲಿ ಮಂಡಳಿ ಸದಸ್ಯನ ಹಿತವನ್ನು ಮೊದಲು ನೋಡಬೇಕು. ಮುಖ್ಯ ಕಾರ್ಯನಿರ್ವಾಹಕರ ಪ್ರೋತ್ಸಾಹಧನವನ್ನು ಮಾರಿದ ಚೀಲದ ಲೆಕ್ಕಕ್ಕೆ ಕಟ್ಟಬಾರದು.

ನೀರಾವರಿ ಭತ್ತದ ಸೀಮೆಯ ಕಂಪನಿಗಳು ಗದ್ದೆಯನ್ನು ಆಗಾಗ ಆರಿಸಿ ಮತ್ತೆ ನೀರು ಕಟ್ಟುವ ಕ್ರಮವನ್ನು ಪ್ರಚಾರ ಮಾಡಬಹುದು. ತೂತುಗಳಿರುವ ಕೊಳವೆಯನ್ನು ಗದ್ದೆಯಲ್ಲಿ ಹೂತು, ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ನೀರು ಹಾಯಿಸುವುದು ಇದರ ವಿಧಾನ. ಹೂ ಬಿಡುವ ಕಾಲದಲ್ಲಿ ಮಾತ್ರ ಗದ್ದೆ ಒಣಗಗೊಡಬಾರದು. ಇದರಿಂದ ನೀರಿನ ಖರ್ಚು ಇಳಿಯುವುದಲ್ಲದೆ, ಗದ್ದೆಯಿಂದ ಹೊರಡುವ ಮೀಥೇನ್ ಸುಮಾರು ಅರ್ಧದಷ್ಟು ಕಡಿಮೆಯಾಗಬಲ್ಲದು.

ಇಂಗಾಲದ ಹಣ ಕೊಡಿಸುತ್ತೇವೆಂದು ಹೊರಗಿನ ಸಂಸ್ಥೆಗಳು ರೈತರ ಕಂಪನಿಗಳನ್ನು ಕೇಳಿಕೊಂಡು ಬರುವುದುಂಟು. ಸಹಿ ಮಾಡುವ ಮೊದಲು ನಿರ್ದೇಶಕರು ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಬೇಕು. ಕರಾರು ಎಷ್ಟು ವರ್ಷದ್ದು? ಅಳತೆ ಮತ್ತು ತಪಾಸಣೆಯ ಖರ್ಚು ಯಾರದು? ಬಂದ ಹಣದಲ್ಲಿ ರೈತನ ಪಾಲು ಎಷ್ಟು, ಯಾವಾಗ? ಮಳೆ ಕೈಕೊಟ್ಟು ಪದ್ಧತಿ ಮುರಿದರೆ ದಂಡವುಂಟೇ? ಜಮೀನು ಮಾರಿದರೆ ಏನು? ಸದಸ್ಯರ ಒಪ್ಪಿಗೆಯನ್ನು ಒಬ್ಬೊಬ್ಬರಿಂದ ಪಡೆಯದೆ ಅವರ ಹೊಲಗಳ ಮೇಲೆ ಕರಾರು ಮಾಡಿಕೊಳ್ಳುವುದು ಸಲ್ಲದು.

ಸದಸ್ಯರಿಗೆ ಲೆಕ್ಕ

ಮಹಾಸಭೆಯ ವರದಿಯಲ್ಲಿ ಒಂದು ಪುಟವನ್ನು ಹವಾಮಾನಕ್ಕೆ ಮೀಸಲಿಡಬೇಕು. ವರ್ಷದ ಮಳೆ, ಬೆಳೆ ನಷ್ಟ, ವಿಮೆ ಆದವರ ಸಂಖ್ಯೆ, ಪರಿಹಾರ ದೊರೆತವರ ಸಂಖ್ಯೆ, ಬಾಕಿ ನಿಂತ ಉದ್ದರಿ, ಮೀಸಲು ನಿಧಿ ಇಷ್ಟಿದ್ದರೆ ಸಾಕು. ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ನಷ್ಟವಾದ ವರ್ಷ ಅಂಕಿಗಳನ್ನು ಮುಚ್ಚಿಟ್ಟರೆ ಸದಸ್ಯರ ನಂಬಿಕೆ ಹೋಗುತ್ತದೆ. ಕಾರಣ ಸಮೇತ ತಿಳಿಸಿದರೆ ಮುಂದಿನ ವರ್ಷದ ಬಿಗಿ ನಿಯಮಕ್ಕೆ ಅವರೇ ಒಪ್ಪುತ್ತಾರೆ. ಲಾಭ ಬಂದ ವರ್ಷ ಬೋನಸ್ ಹಂಚಬೇಕೆಂಬ ಒತ್ತಾಯ ಬರುವುದು ಸಹಜ. ಅಂಥ ವರ್ಷವೇ ಮೀಸಲು ನಿಧಿಗೆ ಹೆಚ್ಚು ಹಾಕಬೇಕೆಂದು ಹೇಳುವ ಧೈರ್ಯ ನಿರ್ದೇಶಕರಿಗಿರಬೇಕು.

ಮಳೆ ಯಾರ ಕೈಯಲ್ಲಿಯೂ ಇಲ್ಲ. ಮಳೆ ಬಾರದಿದ್ದರೆ ಏನು ಮಾಡಬೇಕೆಂಬ ತೀರ್ಮಾನ ಮಾತ್ರ ನಿರ್ದೇಶಕರ ಕೈಯಲ್ಲಿದೆ. ಬಾಯಾರಿದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಬರುವ ಏಪ್ರಿಲ್ ಸಭೆಯ ಕಾರ್ಯಸೂಚಿಯಲ್ಲಿ ಮೊದಲನೆಯ ವಿಷಯವಾಗಿ ಹವಾಮಾನವನ್ನು ಸೇರಿಸಿ, ಉದ್ದರಿಯ ಮಿತಿ, ಬದಲಿ ಬೀಜ, ವಿಮೆ, ಮೀಸಲು ನಿಧಿ ಈ ನಾಲ್ಕು ಅಂಶಗಳ ಮೇಲೆ ಠರಾವು ಮಾಡಿದರೆ ಒಳ್ಳೆಯ ಆರಂಭವಾದಂತೆ. ಹೆಚ್ಚಿನ ಮಾಹಿತಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.